ಗ್ರಾಮಫೋನಿನ ಸ್ಪ್ರಿಂಗು

ಕೊಯಮತ್ತೂರು, ತಿರುಪ್ಪೂರು ಸೀಮೆಯ ನಮ್ಮ ಮಕ್ಕಳಿಗೆ ಮೋಟರ್ ಎಂದೊಡನೆ ಬಾವಿಯ ಪಂಪು ನೆನಪಾಗುವುದು ಸಹಜ. ವಿದ್ಯುತ್ತಿನ ಹಂಗಿಲ್ಲದ ಮೋಟರೂ ಒಂದುಂಟು. ಅದು ಅಟ್ಟದ ಮೇಲೆ ಧೂಳು ಹಿಡಿದ ಹಳೆಯ ಗ್ರಾಮಫೋನಿನೊಳಗಿದೆ. ಬರ್ಲಿನರನ ಮೊದಲ ಗ್ರಾಮಫೋನುಗಳ ತಟ್ಟೆಯನ್ನು ಕೈಯಿಂದಲೇ ತಿರುಗಿಸಬೇಕಾಗಿತ್ತು. ಕೈಯ ವೇಗ ತಪ್ಪಿದರೆ ಶ್ರುತಿಯೂ ತಪ್ಪುತ್ತಿತ್ತು. 1896ರಲ್ಲಿ ಅಮೆರಿಕದ ಎಲ್‌ಡ್ರಿಡ್ಜ್ ಜಾನ್ಸನ್ ಅದಕ್ಕೆ ಸ್ಪ್ರಿಂಗಿನ ಮೋಟರನ್ನು ಅಳವಡಿಸಿದನು.

ಹಿಡಿಯನ್ನು ತಿರುಗಿಸಿದಾಗ ಡಬ್ಬಿಯೊಳಗಿನ ಉಕ್ಕಿನ ಪಟ್ಟಿ ಬಿಗಿಯಾಗಿ ಸುತ್ತಿಕೊಳ್ಳುವುದು. ಬಿಚ್ಚಿಕೊಳ್ಳುವಾಗ ಹಲ್ಲುಚಕ್ರಗಳ ಮೂಲಕ ತಟ್ಟೆಯನ್ನು ತಿರುಗಿಸುವುದು. ವೇಗವನ್ನು ನಿಮಿಷಕ್ಕೆ 78 ಸುತ್ತುಗಳ ಹದದಲ್ಲಿಡುವುದು ಗವರ್ನರಿನ ಕೆಲಸ. ವೇಗ ಹೆಚ್ಚಿದರೆ ಅದರ ಗುಂಡುಗಳು ಹೊರಕ್ಕೆ ಚಾಚಿ, ಒಂದು ಬಿಲ್ಲೆಯನ್ನು ತೊಗಲಿನ ತುಂಡಿಗೆ ಉಜ್ಜುವಂತೆ ಎಳೆಯುವುವು.

ಹಾಡಿನ ನಡುವೆ 'ಧಡ್' ಎಂಬ ಸದ್ದು ಕೇಳಿದರೆ ಯಂತ್ರ ಕೆಟ್ಟಿತೆಂದು ತೂಕಕ್ಕೆ ಹಾಕಬೇಡಿರಿ. ಹಳೆಯ ಗ್ರೀಸು ಗಟ್ಟಿಯಾಗಿ, ಅಂಟಿಕೊಂಡ ಸುತ್ತುಗಳು ಫಕ್ಕನೆ ಬಿಡುವುದೇ ಸಾಮಾನ್ಯವಾಗಿ ಇದರ ಕಾರಣ. ಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಗ್ರಾಫೈಟು ಬೆರೆತ ಗ್ರೀಸು ಸವರಿದರೆ ಅದು ಮತ್ತೆ ನಯವಾಗಿ ಓಡುವುದು.

ಆದರೆ ಎಚ್ಚರ! ಬಿಚ್ಚುವ ಮುನ್ನ ತಟ್ಟೆ ತಾನಾಗಿ ನಿಲ್ಲುವವರೆಗೆ ಮೋಟರನ್ನು ಓಡಿಸತಕ್ಕದ್ದು. ಆಗಲೂ ಪಟ್ಟಿ ಡಬ್ಬಿಯೊಳಗೆ ಅದುಮಿಕೊಂಡೇ ಇರುವುದು. ಹೊರಕ್ಕೆ ಚಿಮ್ಮಿದರೆ ಕಣ್ಣಿಗೆ, ಬೆರಳಿಗೆ ಅಪಾಯ. ಡಬ್ಬಿಯನ್ನು ತೆರೆಯುವುದು ಬಲ್ಲ ಕುಶಲಕರ್ಮಿಯ ಕೆಲಸ. ಮಕ್ಕಳು ದೂರ ನಿಂತು ನೋಡಿ ಕಲಿಯಲಿ. ತಂದೆತಾಯಿಗಳು ಆ ಕುತೂಹಲವನ್ನು ಗದರಿಸಿ ಅಡಗಿಸದಿರಲಿ ಎಂಬುದೇ ನಮ್ಮ ಬಿನ್ನಹ.