ಮೋಟಾರ್ ಓಡುತ್ತದೆ, ಬ್ಲೇಡ್ ತಿರುಗುತ್ತಿಲ್ಲ – ಏನು ಮಾಡುವುದು?

ಸಂಜೆ ಹಾಲು ಕರೆಯುವ ಹೊತ್ತಾಗಿದೆ. ನೇಪಿಯರ್ ಹುಲ್ಲಿನ ಹೊರೆ ಕೊಟ್ಟಿಗೆ ಮುಂದೆ ಬಿದ್ದಿದೆ. ಮೇವು ಕತ್ತರಿಸುವ ಯಂತ್ರದ ಸ್ವಿಚ್ ಹಾಕಿದರೆ ಸದ್ದೇನೋ ಬರುತ್ತದೆ, ಬ್ಲೇಡಿನ ಚಕ್ರ ಮಾತ್ರ ಅಲ್ಲಾಡುವುದಿಲ್ಲ. ಆಗ ಚಕ್ರಕ್ಕೆ ಕೈಯಿಂದಲೇ ಒಂದು ತಳ್ಳು ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಿಕ್ಕಿಕೊಂಡ ಚಕ್ರ ಒಮ್ಮೆಲೇ ಬಿಟ್ಟುಕೊಂಡರೆ ಬೆರಳು ಹಿಂದಕ್ಕೆ ಎಳೆದುಕೊಳ್ಳಲು ಸಮಯ ಸಿಗುವುದಿಲ್ಲ.

ಮೊದಲು ಸದ್ದು ಕೇಳಿಸಿಕೊಳ್ಳಿ. ಸ್ವಿಚ್ ಹಾಕಿದಾಗ ಮೋಟಾರ್ ಬರೀ ಗುಂಯ್ ಎನ್ನುತ್ತಾ ನಿಂತಲ್ಲೇ ನಿಂತಿದ್ದರೆ ತಕ್ಷಣ ಆರಿಸಿ. ಹಾಗೇ ಬಿಟ್ಟರೆ ಒಳಗಿನ ವೈಂಡಿಂಗ್ ಸುಟ್ಟು, ನೂರರಲ್ಲಿ ಮುಗಿಯುವ ಖರ್ಚು ಸಾವಿರಕ್ಕೆ ಏರುತ್ತದೆ. ಇದಕ್ಕೆ ವೋಲ್ಟೇಜ್ ಕಡಿಮೆ ಇರುವುದು, ಉದ್ದನೆಯ ತೆಳು ವೈರಿನಿಂದ ಕರೆಂಟ್ ಎಳೆದಿರುವುದು ಅಥವಾ ಕೆಪಾಸಿಟರ್ ಹೋಗಿರುವುದು ಕಾರಣವಿರಬಹುದು. ಕೆಪಾಸಿಟರನ್ನು ನೀವು ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಅದು ಎಲೆಕ್ಟ್ರಿಷಿಯನ್ ಕೆಲಸ.

ಮೋಟಾರ್ ಸರಾಗವಾಗಿ ಓಡುತ್ತಿದ್ದೂ ಚಕ್ರ ನಿಂತಿದ್ದರೆ ತೊಂದರೆ ಇವೆರಡರ ನಡುವೆ ಇದೆ. ಬೆಲ್ಟ್ ಇರುವ ಯಂತ್ರದಲ್ಲಿ ಮೊದಲ ಅನುಮಾನ ಬೆಲ್ಟಿನ ಮೇಲೇ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು ನಿಮ್ಮ ಕಣ್ಣೆದುರಿಗೇ ಇಟ್ಟುಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಇದು ಇನ್ನೂ ಮುಖ್ಯ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಮೇಲೆತ್ತಿ ಕಟ್ಟಿಕೊಂಡು ಬೆಲ್ಟಿನ ಮುಚ್ಚಳ ಬಿಚ್ಚಿ.

ಬೆಲ್ಟ್ ಕಳಚಿ ಬಿದ್ದಿದೆಯೇ, ಬಿರುಕು ಬಿಟ್ಟಿದೆಯೇ ನೋಡಿ. ಅದರ ಪಕ್ಕಗಳು ಗಾಜಿನ ಹಾಗೆ ನುಣುಪಾಗಿ ಹೊಳೆಯುತ್ತಿದ್ದರೆ ಸವೆದಿದೆ ಎಂದೇ ಅರ್ಥ, ಬದಲಿಸಬೇಕು. ಚೆನ್ನಾಗಿದ್ದರೆ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ. ಸುಮಾರು ಅರ್ಧ ಇಂಚು ಒಳಹೋದರೆ ಸರಿ, ಅದಕ್ಕಿಂತ ಬಹಳ ಜೋತುಬಿದ್ದರೆ ಸಡಿಲವಾಗಿದೆ. ಮೋಟಾರ್ ಕೂರಿಸಿದ ಬೋಲ್ಟುಗಳನ್ನು ಸ್ವಲ್ಪ ಸಡಿಲಿಸಿ, ಮೋಟಾರನ್ನು ಹಿಂದಕ್ಕೆ ಸರಿಸಿ ಮತ್ತೆ ಬಿಗಿ ಮಾಡಿ. ಎರಡು ಪುಲ್ಲಿಗಳೂ ಒಂದೇ ನೇರಕ್ಕಿವೆಯೇ ಎಂದು ದಾರ ಹಿಡಿದು ನೋಡಿ. ಓರೆಯಾಗಿದ್ದರೆ ಹೊಸ ಬೆಲ್ಟೂ ಬೇಗ ಹಾಳಾಗುತ್ತದೆ. ಬೆಲ್ಟಿಗೆ ಎಣ್ಣೆ, ಗ್ರೀಸ್ ಹಚ್ಚಲೇಬಾರದು. ಜಾರುವ ಬೆಲ್ಟಿಗೆ ಎಣ್ಣೆ ಹಾಕಿದರೆ ಇನ್ನಷ್ಟು ಜಾರುತ್ತದೆ.

ಕಿರುಗುಟ್ಟುವ ಸದ್ದಿನ ಜೊತೆ ರಬ್ಬರ್ ಸುಟ್ಟ ವಾಸನೆಯೂ ಬಂದಿದ್ದರೆ ಚಕ್ರದಲ್ಲೇ ಮೇವು ಸಿಕ್ಕಿಕೊಂಡಿರಬಹುದು. ಹಸಿ ಹುಲ್ಲನ್ನು ಒಟ್ಟಿಗೆ ತುರುಕಿದಾಗ ಹೀಗಾಗುತ್ತದೆ. ಪ್ಲಗ್ ಕಿತ್ತಿದ್ದರೂ ಬ್ಲೇಡ್ ಬ್ಲೇಡೇ, ಆದ್ದರಿಂದ ಕೈ ಹಾಕದೆ ಉದ್ದನೆಯ ಕೋಲಿನಿಂದ ಚಕ್ರವನ್ನು ಹಿಂದಕ್ಕೆ ತಿರುಗಿಸಿ, ಕೋಲಿನಿಂದಲೇ ಮೇವು ಬಿಡಿಸಿ.

ಬೆಲ್ಟ್ ಸರಿಯಿದ್ದು, ಪುಲ್ಲಿಯೂ ತಿರುಗಿ, ಚಕ್ರ ಮಾತ್ರ ನಿಂತಿದ್ದರೆ ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಕೀ ಮುರಿದಿರುತ್ತದೆ ಅಥವಾ ಅದರ ಸ್ಕ್ರೂ ಸಡಿಲವಾಗಿರುತ್ತದೆ. ಮೊಳೆ ಬಡಿದು ಕೆಲಸ ಸಾಗಿಸುವುದು ಅಪಾಯ, ಮೆಕ್ಯಾನಿಕ್‌ಗೆ ತೋರಿಸಿ.

ಚಕ್ರ ತಿರುಗುತ್ತದೆ ಆದರೆ ಮೇವು ಒಳಗೆ ಹೋಗುತ್ತಿಲ್ಲ ಎನ್ನುವುದು ಬೇರೆಯೇ ದೂರು. ಗೇರ್ ಹಿಡಿ ನ್ಯೂಟ್ರಲ್‌ನಲ್ಲಿ ಉಳಿದಿದೆಯೇ ನೋಡಿ. ಎಷ್ಟೋ ಸಲ ಅಷ್ಟೇ ಇರುತ್ತದೆ!

ರಿಪೇರಿ ಮುಗಿದ ಮೇಲೆ ಮುಚ್ಚಳ ಹಾಕಿಯೇ ಸ್ವಿಚ್ ಹಾಕಿ, ಸ್ವಲ್ಪ ಹೊತ್ತು ಖಾಲಿ ಓಡಿಸಿ, ಆಮೇಲೆ ಮೇವು ಕೊಡಿ. ಹೊಸ ಬೆಲ್ಟ್ ತಂದಿದ್ದರೆ ಅದರ ಬೆನ್ನ ಮೇಲೆ ಅಚ್ಚಾಗಿರುವ ಅಳತೆ ಸಂಖ್ಯೆಯನ್ನು ಇಂದೇ ಕೊಟ್ಟಿಗೆ ಗೋಡೆಯ ಮೇಲೆ ಬರೆದಿಡಿ. ಓಡಿ ಓಡಿ ಆ ಅಕ್ಷರ ಅಳಿಸಿಹೋಗುತ್ತದೆ, ಮುಂದಿನ ಸಲ ಅಂಗಡಿಯಲ್ಲಿ ಅದನ್ನೇ ಕೇಳುತ್ತಾರೆ.