ಕಿಸೆಯೊಳಗೊಬ್ಬ ಕಾವಲುಗಾರ

1762ರ ನವೆಂಬರ್ ತಿಂಗಳಲ್ಲಿ, ಮಂತ್ರಿಯ ಆಜ್ಞಾಪತ್ರ ಹಿಡಿದ ರಾಜಭಟರು ಲಂಡನ್ನಿನಲ್ಲಿ ಜಾನ್ ಎಂಟಿಕ್ ಎಂಬ ಲೇಖಕನ ಮನೆಗೆ ನುಗ್ಗಿದರು. ಸರ್ಕಾರವನ್ನು ಹಳಿಯುವ ಪತ್ರಿಕೆಯೊಂದಕ್ಕೆ ಆತ ಬರೆಯುತ್ತಾನೆಂಬುದು ಆರೋಪ. ನಾಲ್ಕು ಗಂಟೆಗಳ ಕಾಲ ಬಾಗಿಲು, ಪೆಟ್ಟಿಗೆ, ಮೇಜಿನ ಖಾನೆಗಳನ್ನೆಲ್ಲ ಒಡೆದು, ಕೈಗೆ ಸಿಕ್ಕಿದ್ದನ್ನು ಓದಿ, ನೂರಾರು ಕಾಗದಪತ್ರಗಳನ್ನು ಹೊತ್ತೊಯ್ದರು. ಎಂಟಿಕ್ ಸುಮ್ಮನಿರಲಿಲ್ಲ, ದಾವೆ ಹೂಡಿದ. 1765ರಲ್ಲಿ ನ್ಯಾಯಾಧೀಶ ಲಾರ್ಡ್ ಕ್ಯಾಮ್ಡೆನ್ ಅವನ ಪರವಾಗಿ ತೀರ್ಪು ಕೊಟ್ಟರು. ಇಂಥ ಶೋಧನೆಗೆ ದೇಶದ ಯಾವ ಕಾನೂನಿನಲ್ಲೂ ಆಧಾರವಿಲ್ಲ. ಅಪರಾಧಿಯನ್ನು ಹಿಡಿಯಲು ಇದು ನೆರವಾಗಬಹುದಾದರೂ, ಅದೇ ಬಲೆಗೆ ನಿರಪರಾಧಿಯೂ ಬೀಳುತ್ತಾನೆ ಎಂಬುದು ತೀರ್ಪಿನ ತಿರುಳು. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ನಾಲ್ಕನೇ ತಿದ್ದುಪಡಿಯ ಹಿಂದೆಯೂ ಈ ತೀರ್ಪಿನ ನೆರಳಿದೆ. ಸಕಾರಣವಿಲ್ಲದೆ ಯಾರ ಮನೆಯನ್ನೂ ಕಾಗದಪತ್ರವನ್ನೂ ಸರ್ಕಾರ ಶೋಧಿಸಕೂಡದೆಂದು ಆ ತಿದ್ದುಪಡಿ ಹೇಳುತ್ತದೆ.

ಎರಡೂವರೆ ಶತಮಾನದ ನಂತರ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಎದ್ದು ಬಂತು. 2021ರ ಆಗಸ್ಟ್ 5ರಂದು ಅಮೆರಿಕದ ಆಪಲ್ ಕಂಪನಿ ಒಂದು ಯೋಜನೆ ಪ್ರಕಟಿಸಿತು. ಐಫೋನಿನಿಂದ ಕಂಪನಿಯ ದೂರದ ಉಗ್ರಾಣವಾದ ‘ಐಕ್ಲೌಡ್’ಗೆ ಹೊರಡುವ ಪ್ರತಿಯೊಂದು ಫೋಟೋವನ್ನೂ ಫೋನಿನೊಳಗೇ ಪರೀಕ್ಷಿಸಿ, ಅದು ಮಕ್ಕಳ ಲೈಂಗಿಕ ಶೋಷಣೆಯ ಚಿತ್ರವೇ ಎಂದು ಪತ್ತೆ ಮಾಡುವ ಯೋಜನೆ ಅದು. ಇಲ್ಲಿ ಬಾಗಿಲು ಒಡೆಯುವ ರಾಜಭಟರಿಲ್ಲ, ಸದ್ದಿಲ್ಲದೆ ಲೆಕ್ಕ ಹಾಕುವ ತಂತ್ರಾಂಶವಿದೆ. ಹುಡುಕುತ್ತಿರುವುದು ಲೇಖಕನ ಟೀಕೆಯನ್ನಲ್ಲ, ಮರ್ಯಾದಸ್ಥರು ಯಾರೂ ಸಮರ್ಥಿಸಲಾಗದ ವಸ್ತುವನ್ನು. ಈ ವಿವಾದ ಸುಲಭದ್ದಲ್ಲವಾದುದು ಇದರಿಂದಲೇ.

ಮಕ್ಕಳ ಪರವಾದ ವಾದ

ಶೋಷಣೆಗೆ ಒಳಗಾದ ಮಗುವಿನ ಚಿತ್ರ ಒಮ್ಮೆ ಅಂತರ್ಜಾಲ ಸೇರಿತೆಂದರೆ ಅದಕ್ಕೆ ಸಾವಿಲ್ಲ. ಮಗು ಬೆಳೆದು ದೊಡ್ಡದಾದರೂ ಚಿತ್ರ ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ಅಪರಾಧ ನಡೆದದ್ದು ಒಂದು ದಿನವಾದರೆ ಅವಮಾನ ಜೀವನಪೂರ್ತಿ. ಅಮೆರಿಕದಲ್ಲಿ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ 1984ರಲ್ಲಿ ಹುಟ್ಟಿತು. 1998ರಿಂದ ಅದು ಇಂಥ ಚಿತ್ರಗಳ ಬಗ್ಗೆ ದೂರು ಸ್ವೀಕರಿಸುತ್ತಿದೆ. 2020ರಲ್ಲಿ ಅಲ್ಲಿಗೆ ಬಂದ ವರದಿಗಳು 2 ಕೋಟಿ 17 ಲಕ್ಷ. ಅದರಲ್ಲಿ ಫೇಸ್‌ಬುಕ್ ಒಂದೇ ಕಳಿಸಿದ್ದು 2 ಕೋಟಿಗೂ ಹೆಚ್ಚು. ಆಪಲ್ ಕಳಿಸಿದ್ದು 265. ಆಪಲ್ ಫೋನು ಹಿಡಿದವರೆಲ್ಲ ಸಜ್ಜನರೆಂದು ಇದರ ಅರ್ಥವಲ್ಲ. ಫೇಸ್‌ಬುಕ್ ಹುಡುಕುತ್ತಿತ್ತು, ಆಪಲ್ ಬಹುಮಟ್ಟಿಗೆ ಹುಡುಕುತ್ತಿರಲಿಲ್ಲ.

ಹುಡುಕುವ ಉಪಾಯ ಹೊಸದೇನಲ್ಲ. 2009ರಲ್ಲಿ ಮೈಕ್ರೋಸಾಫ್ಟ್ ಕಂಪನಿಯೂ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕ ಹ್ಯಾನಿ ಫರೀದರೂ ಸೇರಿ ‘ಫೋಟೋಡಿಎನ್‌ಎ’ ಎಂಬ ವಿಧಾನ ರೂಪಿಸಿದರು. ಮನುಷ್ಯನ ಬೆರಳಚ್ಚಿನಂತೆ ಚಿತ್ರಕ್ಕೂ ಒಂದು ಅಚ್ಚು ತೆಗೆಯುವುದು ಇದರ ಮರ್ಮ. ಚಿತ್ರವನ್ನು ಕಪ್ಪು ಬಿಳುಪಾಗಿಸಿ, ಒಂದೇ ಅಳತೆಗೆ ತಂದು, ಚೌಕಗಳಾಗಿ ವಿಂಗಡಿಸಿ, ಬೆಳಕು ನೆರಳಿನ ಏರಿಳಿತವನ್ನು ಅಂಕಿಗಳಿಗೆ ಇಳಿಸುತ್ತಾರೆ. ಚಿತ್ರದ ಗಾತ್ರ ಬದಲಾದರೂ, ಬಣ್ಣ ಸ್ವಲ್ಪ ಮಾಸಿದರೂ ಅಂಕಿಗಳ ಸಾಲು ಹೆಚ್ಚು ಬದಲಾಗದು. ಗೊತ್ತಿರುವ ಅಪರಾಧ ಚಿತ್ರಗಳ ಅಚ್ಚುಗಳ ಪಟ್ಟಿಯೊಂದಿಗೆ ಹೊಸ ಚಿತ್ರದ ಅಚ್ಚನ್ನು ಹೋಲಿಸಿದರೆ ಸಾಕು, ಚಿತ್ರವನ್ನು ಯಾರೂ ಕಣ್ಣಿಟ್ಟು ನೋಡಬೇಕಿಲ್ಲ.

ಇಲ್ಲಿ ಅಮೆರಿಕದ ಕಾನೂನಿನ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಇಂಥ ಚಿತ್ರ ಕಣ್ಣಿಗೆ ಬಿದ್ದರೆ ಕಂಪನಿ ವರದಿ ಮಾಡಲೇಬೇಕು. ಆದರೆ ಹುಡುಕಲೇಬೇಕೆಂಬ ಕಡ್ಡಾಯವಿಲ್ಲ. ಇದು ಕಾನೂನು ಬರೆದವರ ಮರೆವಲ್ಲ. ಹುಡುಕಬೇಕೆಂದು ಸರ್ಕಾರವೇ ಕಟ್ಟಪ್ಪಣೆ ಮಾಡಿದರೆ ಕಂಪನಿ ಸರ್ಕಾರದ ಕೈಯಾಳಾಗುತ್ತದೆ. ಆಗ ವಾರಂಟ್ ಇಲ್ಲದ ಆ ಶೋಧನೆ ನಾಲ್ಕನೇ ತಿದ್ದುಪಡಿಗೆ ವಿರುದ್ಧವೆಂದು ಸಾಕ್ಷ್ಯವೇ ಬಿದ್ದುಹೋಗಬಹುದು, ಅಪರಾಧಿ ಪಾರಾಗಬಹುದು. ಎಂಟಿಕ್ ಗೆದ್ದ ಮೊಕದ್ದಮೆ ಹೀಗೆ ಇಂದಿಗೂ ಕೆಲಸ ಮಾಡುತ್ತಿದೆ.

ಮೂವತ್ತು ತುಂಡುಗಳ ಬೀಗದಕೈ

ಉಳಿದ ಕಂಪನಿಗಳು ತಮ್ಮ ಉಗ್ರಾಣದಲ್ಲಿ ಹುಡುಕುತ್ತಿದ್ದರೆ ಆಪಲ್ ಫೋನಿನೊಳಗೇ ಹುಡುಕಹೊರಟದ್ದೇಕೆ? ಕಂಪನಿಯ ಉತ್ತರ ವಿಚಿತ್ರವೆನಿಸಿದರೂ ತರ್ಕವಿಲ್ಲದ್ದಲ್ಲ. ಉಗ್ರಾಣದಲ್ಲಿ ಹುಡುಕಬೇಕಾದರೆ ಎಲ್ಲರ ಎಲ್ಲ ಚಿತ್ರಗಳನ್ನೂ ಕಂಪನಿ ತೆರೆದು ನೋಡಬೇಕಾಗುತ್ತದೆ. ಫೋನಿನಲ್ಲೇ ಅಚ್ಚು ತೆಗೆದರೆ ಕಂಪನಿಗೆ ಏನೂ ಕಾಣಿಸುವುದಿಲ್ಲ.

ಇದಕ್ಕಾಗಿ ರೂಪಿಸಿದ ‘ನ್ಯೂರಲ್‌ಹ್ಯಾಶ್’ ವಿಧಾನದಲ್ಲಿ ಪ್ರತಿ ಫೋಟೋದ ಜೊತೆಗೂ ಬೀಗ ಹಾಕಿದ ಒಂದು ಚೀಟಿ ಉಗ್ರಾಣಕ್ಕೆ ಹೋಗುತ್ತದೆ. ಅಚ್ಚು ಪಟ್ಟಿಯಲ್ಲಿದೆಯೇ ಇಲ್ಲವೇ ಎಂಬುದು ಫೋನಿಗೂ ತಿಳಿಯದು. ಪಟ್ಟಿಗೆ ಹೊಂದುವ ಚಿತ್ರದ ಚೀಟಿಯಲ್ಲಿ ಮಾತ್ರ ಬೀಗದಕೈಯ ಒಂದು ತುಂಡು ಕಂಪನಿಗೆ ದಕ್ಕುತ್ತದೆ. ಸುಮಾರು 30 ತುಂಡುಗಳು ಕೂಡಿದಾಗಷ್ಟೇ ಬೀಗದಕೈ ಪೂರ್ತಿಯಾಗಿ ಆ ಚೀಟಿಗಳು ತೆರೆದುಕೊಳ್ಳುತ್ತವೆ. ಅಲ್ಲಿಯವರೆಗೆ ಕಂಪನಿ ಕುರುಡು. ತೆರೆದ ಮೇಲೆ ಕಂಪನಿಯ ನೌಕರರು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡು ರಾಷ್ಟ್ರೀಯ ಕೇಂದ್ರಕ್ಕೆ ತಿಳಿಸಬೇಕು. ಒಬ್ಬ ಗ್ರಾಹಕನ ಖಾತೆಯನ್ನು ತಪ್ಪಾಗಿ ಸಂಶಯಿಸುವ ಸಂಭವ ವರ್ಷಕ್ಕೆ ಲಕ್ಷ ಕೋಟಿಯಲ್ಲಿ ಒಂದು ಎಂದು ಆಪಲ್ ಹೇಳಿತು.

ಪಟ್ಟಿ ಯಾರದು?

ಪ್ರಕಟಣೆ ಹೊರಬಿದ್ದ ಮರುಕ್ಷಣದಿಂದಲೇ ವಿರೋಧ ಭುಗಿಲೆದ್ದಿತು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಗೂಢಲಿಪಿ ತಜ್ಞ ಮ್ಯಾಥ್ಯೂ ಗ್ರೀನ್, ಅಮೆರಿಕದ ಬೇಹುಗಾರಿಕೆಯನ್ನು ಬಯಲಿಗೆಳೆದ ಎಡ್ವರ್ಡ್ ಸ್ನೋಡೆನ್, ವಾಟ್ಸಾಪ್‌ನ ಮುಖ್ಯಸ್ಥ ವಿಲ್ ಕ್ಯಾತ್‌ಕಾರ್ಟ್ ಎಲ್ಲರೂ ಟೀಕಿಸಿದರು. ಎರಡು ವಾರದೊಳಗೆ ಜಗತ್ತಿನ 90ಕ್ಕೂ ಹೆಚ್ಚು ನಾಗರಿಕ ಸಂಸ್ಥೆಗಳು ಯೋಜನೆ ಕೈಬಿಡುವಂತೆ ಬಹಿರಂಗ ಪತ್ರ ಬರೆದವು.

ಎಲ್ಲರಿಗಿಂತ ತೂಕದ ಮಾತು ಬಂದದ್ದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜೊನಾಥನ್ ಮೇಯರ್ ಮತ್ತು ಅನುನಯ್ ಕುಲಶ್ರೇಷ್ಠ ಅವರಿಂದ. ಇಂಥದೇ ವ್ಯವಸ್ಥೆಯೊಂದನ್ನು ತಾವೇ ಕಟ್ಟಿ ನೋಡಿದ್ದ ಸಂಶೋಧಕರು ಇವರು. ಇದು ಕೆಲಸ ಮಾಡುತ್ತದೆ, ಆದರೆ ಅಪಾಯಕಾರಿ ಎಂಬುದೇ ಅವರ ತೀರ್ಮಾನ. ಏಕೆಂದರೆ ಯಂತ್ರಕ್ಕೆ ಮಗು ಯಾವುದು, ಅಪರಾಧ ಯಾವುದು ಎಂದು ಗೊತ್ತಿಲ್ಲ. ಅದು ಬಲ್ಲದ್ದು ಅಂಕಿಗಳ ಹೋಲಿಕೆ ಮಾತ್ರ. ಪಟ್ಟಿಯಲ್ಲಿ ಇಂದು ಶೋಷಣೆಯ ಚಿತ್ರದ ಅಚ್ಚಿದ್ದರೆ ನಾಳೆ ಸರ್ಕಾರಕ್ಕೆ ಬೇಡವಾದ ವ್ಯಂಗ್ಯಚಿತ್ರದ ಅಚ್ಚು ಸೇರಬಹುದು. ಫೋನಿನ ಒಡೆಯನಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಪಟ್ಟಿ ಗುಟ್ಟಾಗಿರಬೇಕಾದದ್ದು ವ್ಯವಸ್ಥೆಯ ಸ್ವಭಾವವೇ.

ಬೇರೆ ಬೇರೆ ದೇಶಗಳ ಕನಿಷ್ಠ ಎರಡು ಸಂಸ್ಥೆಗಳ ಪಟ್ಟಿಯಲ್ಲಿರುವ ಅಚ್ಚುಗಳನ್ನಷ್ಟೇ ಬಳಸುತ್ತೇವೆ, ಸರ್ಕಾರಗಳ ಒತ್ತಾಯಕ್ಕೆ ಮಣಿಯುವುದಿಲ್ಲ ಎಂದು ಆಪಲ್ ಭರವಸೆ ಕೊಟ್ಟಿತು. ಆದರೆ ಚೀನಾದ ಕಾನೂನಿಗೆ ಹೊಂದಿಕೊಂಡು, ಅಲ್ಲಿನ ಗ್ರಾಹಕರ ಐಕ್ಲೌಡ್ ಮಾಹಿತಿಯನ್ನು 2018ರಿಂದ ಗುಯ್‌ಝೌ ಪ್ರಾಂತದ ಕಂಪನಿಯೊಂದರ ಆಡಳಿತಕ್ಕೆ ಒಪ್ಪಿಸಿದ್ದೂ ಇದೇ ಆಪಲ್ ಎಂಬುದನ್ನು ಟೀಕಾಕಾರರು ಮರೆತಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವ ದಿನ ಬಂದರೆ ದೂರು ಕೊಡುವುದು ಯಾರಿಗೆ ಎಂಬುದು ಅವರ ಪ್ರಶ್ನೆ.

ಆಗಸ್ಟ್ 18ರಂದು ಇನ್ನೊಂದು ಪೆಟ್ಟು ಬಿತ್ತು. ಫೋನುಗಳ ತಂತ್ರಾಂಶದಲ್ಲಿ ಆಗಲೇ ಅಡಗಿದ್ದ ನ್ಯೂರಲ್‌ಹ್ಯಾಶ್‌ನ ಒಂದು ರೂಪವನ್ನು ಹೊರತೆಗೆದವರು, ಒಂದು ನಾಯಿಯ ಚಿತ್ರಕ್ಕೂ ಅರ್ಥವಿಲ್ಲದ ಬೂದು ಗೀರುಗಳ ಚಿತ್ರಕ್ಕೂ ಒಂದೇ ಅಚ್ಚು ಬರುವಂತೆ ಕೆಲವೇ ಗಂಟೆಗಳಲ್ಲಿ ಮಾಡಿ ತೋರಿಸಿದರು. ಇದು ಅಂತಿಮ ರೂಪವಲ್ಲ, ಮುಂದೆ ಎರಡನೇ ತಪಾಸಣೆಯೂ ಇದೆ ಎಂದು ಕಂಪನಿ ಸಮಜಾಯಿಷಿ ನೀಡಿತು. ಸೆಪ್ಟೆಂಬರ್ 3ರಂದು ಯೋಜನೆ ಮುಂದಕ್ಕೆ ಹೋಯಿತು. 2022ರ ಡಿಸೆಂಬರಿನಲ್ಲಿ ಅದನ್ನು ಪೂರ್ತಿಯಾಗಿ ಕೈಬಿಡಲಾಯಿತು. 2023ರಲ್ಲಿ ಮಕ್ಕಳ ಪರ ಸಂಘಟನೆಯೊಂದಕ್ಕೆ ಬರೆದ ಪತ್ರದಲ್ಲಿ ಆಪಲ್, ಒಂದು ಬಗೆಯ ವಸ್ತುವಿಗಾಗಿ ಹುಡುಕಲು ಹೊರಟರೆ ಸಾರಾಸಗಟು ಕಣ್ಗಾವಲಿಗೆ ದಾರಿಯಾದೀತು ಎಂದಿತು. ತನ್ನ ವಿರೋಧಿಗಳು ಎರಡು ವರ್ಷದ ಹಿಂದೆ ಹೇಳಿದ್ದ ಮಾತನ್ನೇ ಅದು ತನ್ನದಾಗಿಸಿಕೊಂಡಿತ್ತು.

ಸಂಶಯಕ್ಕೆ ಸಿಕ್ಕ ತಂದೆ

ಯಂತ್ರದ ಸಂಶಯ ಮನುಷ್ಯನಿಗೆ ಏನು ಮಾಡಬಲ್ಲದು ಎಂಬುದಕ್ಕೆ ಸ್ಯಾನ್‌ಫ್ರಾನ್ಸಿಸ್ಕೋದ ತಂದೆಯೊಬ್ಬನ ಕತೆ ಸಾಕು. 2021ರ ಫೆಬ್ರವರಿಯಲ್ಲಿ ಅವನ ಪುಟ್ಟ ಮಗನ ಗುಪ್ತಾಂಗ ಊದಿಕೊಂಡಿತ್ತು. ಕೋವಿಡ್ ಕಾಲವಾದ್ದರಿಂದ ವೈದ್ಯರಿಗೆ ಫೋಟೋ ಕಳಿಸಬೇಕಾಯಿತು. ಫೋನಿನಿಂದ ಆ ಚಿತ್ರ ಗೂಗಲ್‌ನ ಉಗ್ರಾಣಕ್ಕೂ ಹೋಯಿತು. ಅಲ್ಲಿನ ತಂತ್ರಾಂಶ ಅದನ್ನು ಶೋಷಣೆಯ ಚಿತ್ರವೆಂದು ಗುರುತಿಸಿತು. ತಂದೆಯ ಇ-ಮೇಲು, ಫೋನ್ ಸಂಖ್ಯೆ, ವರ್ಷಗಳ ಫೋಟೋಗಳು ಎಲ್ಲವೂ ಕೈತಪ್ಪಿದವು. ಪೊಲೀಸರು ತನಿಖೆ ನಡೆಸಿ ಅಪರಾಧವೇ ನಡೆದಿಲ್ಲವೆಂದರು. 2022ರಲ್ಲಿ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೂ ಕಂಪನಿ ಖಾತೆಯನ್ನು ಮರಳಿ ಕೊಡಲಿಲ್ಲ.

ಗಮನಿಸಬೇಕಾದದ್ದೆಂದರೆ, ಇದು ಹಳೆಯ ಚಿತ್ರಗಳ ಪಟ್ಟಿಯೊಂದಿಗಿನ ಹೋಲಿಕೆಯಲ್ಲ. ಹಿಂದೆಂದೂ ಕಾಣದ ಚಿತ್ರವನ್ನು ನೋಡಿ ಯಂತ್ರವೇ ಊಹಿಸುವ ಇನ್ನೊಂದು ವಿಧಾನ. ಹೊಸದಾಗಿ ಶೋಷಣೆಗೊಳಗಾಗುತ್ತಿರುವ ಮಗುವನ್ನು ಪಾರುಮಾಡಲು ಇದೇ ಬೇಕು, ಹಳೆಯ ಪಟ್ಟಿ ಅಲ್ಲಿ ಉಪಯೋಗಕ್ಕೆ ಬಾರದು. ಆದರೆ ತಂದೆಯ ಕಳವಳವನ್ನೂ ಪಾತಕಿಯ ವಿಕೃತಿಯನ್ನೂ ಬೇರ್ಪಡಿಸಿ ನೋಡುವ ವಿವೇಕ ಅದಕ್ಕಿಲ್ಲ.

ಹಾಗೆಂದು ಫೋನು ಚಿತ್ರಗಳನ್ನು ನೋಡುವುದೇ ತಪ್ಪೆನ್ನಲಾಗದು. ಮುಖ ಗುರುತಿಸಿ ಮದುವೆಯ ಫೋಟೋಗಳನ್ನು ಒಂದೆಡೆ ಸೇರಿಸುವ ಕೆಲಸವನ್ನು ಅದು ಬಹಳ ದಿನಗಳಿಂದ ಮಾಡುತ್ತಿದೆ. 2021ರ ಡಿಸೆಂಬರಿನಲ್ಲಿ ಆಪಲ್ ಜಾರಿಗೆ ತಂದ ಇನ್ನೊಂದು ಸೌಲಭ್ಯದಲ್ಲಿ, ಮಕ್ಕಳ ಫೋನಿಗೆ ನಗ್ನಚಿತ್ರ ಬಂದರೆ ಫೋನೇ ಅದನ್ನು ಮಸುಕಾಗಿಸಿ ಎಚ್ಚರಿಸುತ್ತದೆ. ಸುದ್ದಿ ಕಂಪನಿಗೆ ಮುಟ್ಟುವುದಿಲ್ಲ. ಇದರ ಬಗ್ಗೆ ಅಂಥ ಗಲಾಟೆ ಉಳಿಯಲಿಲ್ಲ. ಜಗಳ ಯಂತ್ರ ನೋಡುವುದರ ಬಗ್ಗೆ ಅಲ್ಲ, ನೋಡಿದ್ದನ್ನು ಅದು ಯಾರಿಗೆ ಹೇಳುತ್ತದೆ ಎಂಬುದರ ಬಗ್ಗೆ.

ವಿವಾದ ಇನ್ನೂ ಮುಗಿದಿಲ್ಲ. ಕೈಬಿಟ್ಟ ಯೋಜನೆಯನ್ನೇ ನೆಪವಾಗಿಟ್ಟುಕೊಂಡು, ಚಿಕ್ಕಂದಿನಲ್ಲಿ ಶೋಷಣೆಗೊಳಗಾದ ಮಹಿಳೆಯೊಬ್ಬರು 2024ರ ಡಿಸೆಂಬರಿನಲ್ಲಿ ಆಪಲ್ ವಿರುದ್ಧ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ತಡೆಯುವ ಉಪಾಯ ಕೈಯಲ್ಲಿದ್ದೂ ಸುಮ್ಮನಿದ್ದಿರಿ ಎಂಬುದು ಅವರ ಆರೋಪ. ಸಂದೇಶಗಳಲ್ಲೂ ಇಂಥ ಶೋಧನೆ ಕಡ್ಡಾಯ ಮಾಡಬಲ್ಲ ಮಸೂದೆಯನ್ನು 2022ರ ಮೇ ತಿಂಗಳಲ್ಲಿ ಐರೋಪ್ಯ ಆಯೋಗ ಮುಂದಿಟ್ಟಿತು. ಮೂರು ವರ್ಷಗಳ ಹಗ್ಗಜಗ್ಗಾಟದ ನಂತರ, 2025ರ ನವೆಂಬರಿನಲ್ಲಿ ಸದಸ್ಯ ರಾಷ್ಟ್ರಗಳ ಮಂಡಲಿ ಕಡ್ಡಾಯದ ಅಂಶವನ್ನು ಬಿಟ್ಟ ನಿಲುವಿಗೆ ಬಂತು.

ನಮ್ಮ ಮನೆಯ ಬಾಗಿಲಲ್ಲಿ

ಭಾರತಕ್ಕೂ ಈ ವಿಷಯ ದೂರದ್ದಲ್ಲ. ಅಮೆರಿಕದ ಕೇಂದ್ರಕ್ಕೆ ಬರುವ ವರದಿಗಳಲ್ಲಿ ಭಾರತಕ್ಕೆ ಸಂಬಂಧಿಸಿದವು 2021ರಲ್ಲಿ 46 ಲಕ್ಷ ದಾಟಿದ್ದವು. 2019ರ ಒಪ್ಪಂದದ ಮೇರೆಗೆ ಅವು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಮೂಲಕ ರಾಜ್ಯಗಳ ಪೊಲೀಸರಿಗೆ ತಲುಪುತ್ತವೆ. ಇಂಥ ಚಿತ್ರಗಳನ್ನು ನೋಡುವುದಷ್ಟೇ ಅಪರಾಧವೇ ಎಂಬ ಬಗ್ಗೆ ನ್ಯಾಯಾಲಯಗಳಲ್ಲೂ ಗೊಂದಲವಿತ್ತು. ಅಲ್ಲವೆಂದು 2024ರ ಜುಲೈನಲ್ಲಿ ಆದೇಶಿಸಿದ ಕರ್ನಾಟಕ ಹೈಕೋರ್ಟ್, ಕೆಲವೇ ದಿನಗಳಲ್ಲಿ ಆ ಆದೇಶವನ್ನು ತಾನೇ ಹಿಂಪಡೆಯಿತು. ಮದ್ರಾಸ್ ಹೈಕೋರ್ಟಿನ ಅಂಥದೇ ತೀರ್ಪನ್ನು ಸುಪ್ರೀಂ ಕೋರ್ಟು ಅದೇ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿ, ಇವುಗಳನ್ನು ‘ಅಶ್ಲೀಲ ಚಿತ್ರ’ ಎನ್ನದೆ ಶೋಷಣೆಯ ಚಿತ್ರವೆಂದೇ ಕರೆಯಬೇಕೆಂದಿತು.

ಇನ್ನೊಂದೆಡೆ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ್ದು ಕನ್ನಡಿಗರೊಬ್ಬರ ಮೊಕದ್ದಮೆಯಲ್ಲಿ. ಅದನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, 2024ರಲ್ಲಿ ನಿಧನರಾದ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕನ್ನು ಮೊಟಕುಗೊಳಿಸಬೇಕಾದರೆ ಅದಕ್ಕೊಂದು ಕಾನೂನಿರಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬುದು ಆ ತೀರ್ಪಿನ ಅಳತೆಗೋಲು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಇಂಥ ಚಿತ್ರಗಳನ್ನು ತಾವಾಗಿಯೇ ಪತ್ತೆಮಾಡುವ ತಂತ್ರಜ್ಞಾನ ಅಳವಡಿಸಲು ದೊಡ್ಡ ಸಾಮಾಜಿಕ ಮಾಧ್ಯಮ ಕಂಪನಿಗಳು ಯತ್ನಿಸಬೇಕೆನ್ನುತ್ತವೆ. ಫೋನಿನೊಳಗೇ ಹುಡುಕಬೇಕೆಂದು ಹೇಳುವುದಿಲ್ಲ.

ನಾಳೆ ಅಂಥ ಮಾತು ಬಂದರೆ, ಮಕ್ಕಳ ರಕ್ಷಣೆ ಬೇಕೆ ಬೇಡವೆ ಎಂದು ಕೇಳುವವರಿಗೆ ಉತ್ತರ ಒಂದೇ: ಬೇಕು. ಆದರೆ ಅಷ್ಟಕ್ಕೆ ಮಾತು ಮುಗಿಯುವುದಿಲ್ಲ. ಪಟ್ಟಿ ಮಾಡುವವರು ಯಾರು? ಅದರಲ್ಲಿ ಬೇರೇನೂ ಸೇರಿಲ್ಲವೆಂದು ಪರೀಕ್ಷಿಸುವವರು ಯಾರು? ತಪ್ಪಾಗಿ ಸಿಕ್ಕಿಬಿದ್ದ ತಂದೆ ತಾಯಿ ಯಾವ ಬಾಗಿಲು ತಟ್ಟಬೇಕು, ಎಷ್ಟು ದಿನದಲ್ಲಿ ಅದು ತೆರೆಯುತ್ತದೆ? ಎಂಟಿಕ್‌ಗೆ ತನ್ನ ಮನೆ ಹೊಕ್ಕವರ ಹೆಸರು ಗೊತ್ತಿತ್ತು. ಹೋಗಲು ನ್ಯಾಯಾಲಯವಿತ್ತು, ಕೊನೆಗೆ 300 ಪೌಂಡ್ ಪರಿಹಾರವೂ ಸಿಕ್ಕಿತು. ಸ್ಯಾನ್‌ಫ್ರಾನ್ಸಿಸ್ಕೋದ ತಂದೆಗೆ ಪೊಲೀಸರು ನಿರಪರಾಧಿಯೆಂದ ಮೇಲೂ ತನ್ನ ಮಗನ ಫೋಟೋಗಳು ಸಿಗಲಿಲ್ಲ.