ಕ್ವಾಂಟಮ್ ಕಂಪ್ಯೂಟರ್: ಎಲ್ಲಿ ಉಪಯೋಗ, ಎಲ್ಲಿ ಮಿತಿ?

ಕ್ವಾಂಟಮ್ ಕಂಪ್ಯೂಟರ್ ಬಂದರೆ ಈಗಿನ ಕಂಪ್ಯೂಟರ್‌ಗಳೆಲ್ಲ ಮೂಲೆ ಸೇರುತ್ತವೆ ಎಂಬ ಮಾತು ಆಗಾಗ ಕೇಳಿಬರುತ್ತಿದೆ. ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರಬೇಕೆಂದಿರುವ ನಾವು ಈ ಮಾತನ್ನು ಪರೀಕ್ಷಿಸಿ ನೋಡುವುದು ಒಳ್ಳೆಯದು.

ಸಾಮಾನ್ಯ ಕಂಪ್ಯೂಟರಿನ ಬಿಟ್ 0 ಅಥವಾ 1 ಆಗಿರುತ್ತದೆ. ಕ್ವಾಂಟಮ್ ಕಂಪ್ಯೂಟರಿನ ಕ್ಯೂಬಿಟ್ ಎರಡೂ ಬೆರೆತ ಸ್ಥಿತಿಯಲ್ಲಿ ಇರಬಲ್ಲದು. ಹತ್ತು ಕ್ಯೂಬಿಟ್‌ಗಳಿದ್ದರೆ 1024 ಸಾಧ್ಯತೆಗಳು ಒಟ್ಟಿಗೆ ಬೆರೆತಿರಬಹುದು. ಆದರೆ ಅಳೆದು ನೋಡಿದಾಗ ಕೈಗೆ ಸಿಗುವುದು ಅವುಗಳಲ್ಲಿ ಒಂದು ಮಾತ್ರ. ಬೆಳಕಿನ ಅಲೆಗಳು ಸೇರಿದಾಗ ಕೆಲವೆಡೆ ಬಲಗೊಂಡು, ಕೆಲವೆಡೆ ಒಂದನ್ನೊಂದು ಅಳಿಸಿಹಾಕುವುದನ್ನು ಭೌತಶಾಸ್ತ್ರದಲ್ಲಿ ಓದುತ್ತೇವೆ. ಹಾಗೆಯೇ ಇಲ್ಲಿಯೂ ತಪ್ಪು ಉತ್ತರಗಳು ಅಳಿಸಿಹೋಗಿ ಸರಿ ಉತ್ತರ ಬಲಗೊಳ್ಳುವಂತೆ ಅಲ್ಗಾರಿದಮ್ ರೂಪಿಸಬೇಕು. 9ನೇ ಶತಮಾನದ ಬಾಗ್ದಾದಿನ ಗಣಿತಜ್ಞ ಅಲ್ ಖ್ವಾರಿಝ್ಮಿಯವರ ಹೆಸರಿನಿಂದಲೇ ಈ ಪದ ಬಂದಿದೆ. ಯಂತ್ರ ಎಷ್ಟೇ ಹೊಸದಾದರೂ ಲೆಕ್ಕದ ಕ್ರಮ ಸಿಗದಿದ್ದರೆ ಅದರಿಂದ ಪ್ರಯೋಜನವಿಲ್ಲ. ಅಂಥ ಕ್ರಮ ಸಿಕ್ಕಿರುವುದು ಕೆಲವೇ ಬಗೆಯ ಸಮಸ್ಯೆಗಳಿಗೆ.

ಎಲ್ಲಿ ಉಪಯೋಗ?

ಹೆಚ್ಚು ಭರವಸೆ ಇರುವುದು ರಸಾಯನಶಾಸ್ತ್ರ ಮತ್ತು ಹೊಸ ವಸ್ತುಗಳ ಸಂಶೋಧನೆಯಲ್ಲಿ. ಅಣುವಿನೊಳಗಿನ ಎಲೆಕ್ಟ್ರಾನ್‌ಗಳೇ ಕ್ವಾಂಟಮ್ ನಿಯಮದಂತೆ ನಡೆಯುವುದರಿಂದ, ಅವುಗಳನ್ನು ಲೆಕ್ಕ ಹಾಕಲು ಕ್ವಾಂಟಮ್ ಯಂತ್ರವೇ ಸೂಕ್ತ ಎಂದು ವಿಜ್ಞಾನಿ ರಿಚರ್ಡ್ ಫೈನ್‌ಮನ್ 1981ರಲ್ಲೇ ವಾದಿಸಿದ್ದರು. ಹೇಬರ್ ವಿಧಾನದಲ್ಲಿ ಅಮೋನಿಯ ತಯಾರಿಸಲು ಸುಮಾರು 450 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ವಾತಾವರಣದ ಸುಮಾರು 200 ಪಟ್ಟು ಒತ್ತಡ ಬೇಕು. ಅಲಸಂದೆ ಗಿಡದ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಇದೇ ಕೆಲಸವನ್ನು ಮಣ್ಣಿನ ಸಾಮಾನ್ಯ ಉಷ್ಣತೆಯಲ್ಲಿ ಮಾಡುತ್ತದೆ. ಅದಕ್ಕೆ ನೆರವಾಗುವ ಕಿಣ್ವದ ಒಳಗುಟ್ಟು ತಿಳಿದರೆ ಗೊಬ್ಬರ ತಯಾರಿಕೆಯಲ್ಲಿ ಅಪಾರ ಇಂಧನ ಉಳಿಸುವ ದಾರಿ ಕಾಣಬಹುದು.

ಎಲ್ಲಿ ಮಿತಿ?

ಹತ್ತು ಲಕ್ಷ ಹೆಸರುಗಳ ಪಟ್ಟಿಯಲ್ಲಿ ಒಂದನ್ನು ಹುಡುಕಬೇಕು ಎನ್ನೋಣ. ಪಟ್ಟಿ ಅಡ್ಡಾದಿಡ್ಡಿಯಾಗಿದ್ದರೆ ಸಾಮಾನ್ಯ ಕಂಪ್ಯೂಟರ್ ಸರಾಸರಿ ಐದು ಲಕ್ಷ ಹೆಸರುಗಳನ್ನು ನೋಡಬೇಕಾಗುತ್ತದೆ. 1996ರಲ್ಲಿ ಲವ್ ಗ್ರೋವರ್ ಕಂಡುಹಿಡಿದ ಕ್ವಾಂಟಮ್ ವಿಧಾನಕ್ಕೆ ಸಾವಿರಕ್ಕಿಂತ ಕಡಿಮೆ ಹೆಜ್ಜೆ ಸಾಕು. ಆದರೆ ಪಟ್ಟಿ ಅಕ್ಷರಕ್ರಮದಲ್ಲಿದ್ದರೆ ಸಾಮಾನ್ಯ ಕಂಪ್ಯೂಟರ್ ಪ್ರತಿ ಸಲ ಅರ್ಧ ಭಾಗ ಬಿಡುತ್ತಾ ಇಪ್ಪತ್ತೇ ಹೆಜ್ಜೆಗಳಲ್ಲಿ ಹೆಸರು ಹುಡುಕಿಬಿಡುತ್ತದೆ!

ಸೇತುವೆಯ ಭಾರ ಅಥವಾ ವಿಮಾನದ ರೆಕ್ಕೆಯ ಮೇಲಿನ ಗಾಳಿಯ ಒತ್ತಡವನ್ನು ತಿಳಿಯಲು ಎಂಜಿನಿಯರ್‌ಗಳು ಲಕ್ಷಾಂತರ ಸಮೀಕರಣಗಳನ್ನು ಬಿಡಿಸುತ್ತಾರೆ. ಇದಕ್ಕೂ 2009ರಲ್ಲಿ ಕ್ವಾಂಟಮ್ ವಿಧಾನವೊಂದು ಬಂದಿದೆ. ಆದರೆ ಅಷ್ಟೊಂದು ಅಂಕಿಗಳನ್ನು ಕ್ಯೂಬಿಟ್‌ಗಳಿಗೆ ತುಂಬುವುದೇ ದೊಡ್ಡ ಕೆಲಸ. ಪ್ರತಿ ಬಿಂದುವಿನ ಉತ್ತರವನ್ನೂ ಹೊರತೆಗೆಯಲು ಹೊರಟರೆ ಉಳಿಸಿದ ಸಮಯವೆಲ್ಲ ಅದಕ್ಕೇ ಹೋಗುತ್ತದೆ.

ಇನ್ನು ಯಂತ್ರದ ತೊಡಕು. ಅತಿವಾಹಕ ಕ್ಯೂಬಿಟ್‌ಗಳನ್ನು ಮೈನಸ್ 273 ಡಿಗ್ರಿಯ ಸಮೀಪದಲ್ಲಿ ಇಡಬೇಕು. ಅಲ್ಪ ಶಾಖ, ಅಲ್ಪ ಕಂಪನವೂ ಲೆಕ್ಕವನ್ನು ಕೆಡಿಸುತ್ತದೆ. ತಪ್ಪುಗಳನ್ನು ತಿದ್ದಿಕೊಳ್ಳುವ ಒಂದು ನಂಬಿಕಸ್ಥ ಕ್ಯೂಬಿಟ್‌ಗೆ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಕ್ಯೂಬಿಟ್‌ಗಳು ಬೇಕಾಗಬಹುದು. ಗೂಗಲ್ 2024ರಲ್ಲಿ ಪ್ರಕಟಿಸಿದ ವಿಲೋ ಚಿಪ್‌ನಲ್ಲಿ ಇದ್ದದ್ದು 105.

ಹಾಗೆಂದು ನಿರಾಶೆ ಬೇಡ. ಭಾರತ ಸರ್ಕಾರ 2023ರಲ್ಲಿ ಸುಮಾರು 6,000 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ನೀಡಿದೆ. ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. "ಕ್ವಾಂಟಮ್" ಎಂಬ ಹೆಸರಿಗೆ ಮರುಳಾಗಿ ಕೋರ್ಸ್ ಆರಿಸುವ ಮೊದಲು ಅಲ್ಲಿ ಗಣಿತ, ಭೌತಶಾಸ್ತ್ರ ಎಷ್ಟು ಕಲಿಸುತ್ತಾರೆ ಎಂದು ವಿಚಾರಿಸಿ. ಮ್ಯಾಟ್ರಿಕ್ಸ್, ಸಂಭವನೀಯತೆ, ಮಿಶ್ರ ಸಂಖ್ಯೆ, ಅಲೆಗಳು ಇವೇ ಈ ವಿದ್ಯೆಯ ಅಡಿಪಾಯ. ಅವೆಲ್ಲವೂ ಈಗಲೇ ನಮ್ಮ ಪಠ್ಯಪುಸ್ತಕಗಳಲ್ಲಿವೆ.